ತಂತಿಬೇಲಿಯೊಳಗೆ ಪೌರನೀತಿಯ ಪಾಠ

ಯುದ್ಧಗಳ ಚರಿತ್ರೆಯನ್ನು ತೆರೆದರೆ ಸೇನಾನಿಗಳ ಹೆಸರುಗಳು ಸಿಗುತ್ತವೆ, ಮಂತ್ರಿಗಳ ಹೆಸರುಗಳು ಸಿಗುತ್ತವೆ, ಗೆದ್ದ ಬಂದರುಗಳ ಮತ್ತು ಸೋತ ಕೋಟೆಗಳ ಪಟ್ಟಿ ಸಿಗುತ್ತದೆ. ಆ ವರ್ಷಗಳಲ್ಲಿ ಪ್ರತಿದಿನ ಬೆಳಗ್ಗೆ ಹಾಜರಿ ಪುಸ್ತಕ ಬಿಚ್ಚಿ ಮಕ್ಕಳ ಹೆಸರು ಕೂಗಿದ ಉಪಾಧ್ಯಾಯರ ಮಾತು ಅಲ್ಲಿ ಬರುವುದು ಅಪರೂಪ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹೈಸ್ಕೂಲುಗಳ ಉಪಾಧ್ಯಾಯರು ಏನೇನು ಕೆಲಸ ಮಾಡಿದರು, ಅವರಿಂದ ಏನೇನು ಮಾಡಿಸಲಾಯಿತು ಎಂಬುದನ್ನು ಕುರಿತು ನಾನು ಈಗ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಮೇಲುನೋಟಕ್ಕೆ ಇದು ಸಣ್ಣ ವಿಷಯ. ಆದರೆ ರಾಜ್ಯಕ್ಕೂ ಗುರುವಿಗೂ ಇರುವ ಸಂಬಂಧ ಎಂಥದು ಎಂಬ ದೊಡ್ಡ ಪ್ರಶ್ನೆ ಇದರೊಳಗೆ ಅಡಗಿದೆ.

ಅಮೆರಿಕದ ಹೈಸ್ಕೂಲು ಎಂದರೆ ಸುಮಾರು ಹದಿನಾಲ್ಕರಿಂದ ಹದಿನೆಂಟು ವಯಸ್ಸಿನ ಹುಡುಗ ಹುಡುಗಿಯರ ಶಾಲೆ. ಸಣ್ಣ ಊರುಗಳಲ್ಲಿ ಅದೇ ಊರಿನ ಸಭಾಮಂದಿರ, ಅದೇ ಆಟದ ಬಯಲು. ಅಲ್ಲಿನ ಉಪಾಧ್ಯಾಯರನ್ನು ಊರೆಲ್ಲ ಬಲ್ಲದು. ತಂದೆಗೆ ಲೆಕ್ಕ ಕಲಿಸಿದವರೇ ಮಗನಿಗೂ ಕಲಿಸಿದ್ದುಂಟು. 1941ರ ಡಿಸೆಂಬರ್ 7ರಂದು ಜಪಾನಿನ ವಿಮಾನಗಳು ಪರ್ಲ್ ಹಾರ್ಬರಿನ ಮೇಲೆ ಬಾಂಬು ಸುರಿಸಿದುವು. ಅಮೆರಿಕ ಯುದ್ಧಕ್ಕೆ ಇಳಿಯಿತು. ಆಗ ವಾಷಿಂಗ್ಟನ್ನಿನ ಸರ್ಕಾರಕ್ಕೆ ಮನೆಮನೆಯನ್ನೂ ಮುಟ್ಟಬಲ್ಲ, ಓದುಬರಹ ಬಲ್ಲ, ಜನ ನಂಬುವ ಒಂದು ಪಡೆ ಬೇಕಾಯಿತು. ಅಂಥ ಪಡೆಯೊಂದು ಪ್ರತಿ ಊರಿನ ಶಾಲೆಯಲ್ಲಿಯೂ ಆಗಲೇ ಸಿದ್ಧವಾಗಿತ್ತು.

ಮೊದಲು ಬಂದದ್ದು ಸಕ್ಕರೆಯ ಕೆಲಸ. ಫಿಲಿಪೈನ್ಸ್ ದ್ವೀಪಗಳಿಂದ ಬರುತ್ತಿದ್ದ ಸಕ್ಕರೆ ನಿಂತುಹೋಯಿತು. 1942ರ ವಸಂತದಲ್ಲಿ ಪಡಿತರ ಪದ್ಧತಿ ಬಂತು. ಏಪ್ರಿಲ್ ಕೊನೆಯ ವಾರದಲ್ಲಿ ಅಂಗಡಿಯವರೂ ಹೋಟೆಲಿನವರೂ ಹೈಸ್ಕೂಲುಗಳಿಗೆ ಬಂದು ಹೆಸರು ಬರೆಸಿಕೊಂಡರು. ಮೇ ತಿಂಗಳ ಮೊದಲ ವಾರದಲ್ಲಿ ಗೃಹಸ್ಥರು ಪ್ರಾಥಮಿಕ ಶಾಲೆಗಳ ಮುಂದೆ ಸಾಲು ನಿಂತರು. ಮೇಜಿನ ಹಿಂದೆ ಕುಳಿತು ಬರೆದುಕೊಂಡವರು ಬಹುಪಾಲು ಉಪಾಧ್ಯಾಯರೇ. ಪಡಿತರ ಪುಸ್ತಕದಲ್ಲಿ ಹೆಸರು, ವಿಳಾಸ, ವಯಸ್ಸು ಮಾತ್ರ ಬರೆದರೆ ಸಾಲದು. ಎತ್ತರ, ತೂಕ, ಕಣ್ಣಿನ ಬಣ್ಣ, ಕೂದಲಿನ ಬಣ್ಣ ಎಲ್ಲವನ್ನೂ ಬರೆಯಬೇಕು. ಮನೆಯಲ್ಲಿ ಈಗ ಸಕ್ಕರೆ ಎಷ್ಟಿದೆ ಎಂದು ಕೇಳಬೇಕು. ಹೆಚ್ಚು ಇಟ್ಟುಕೊಂಡವರ ಪುಸ್ತಕದಿಂದ ಅದಕ್ಕೆ ತಕ್ಕಷ್ಟು ಚೀಟಿಗಳನ್ನು ಹರಿದು ತೆಗೆಯಬೇಕು. ಹನ್ನೆರಡು ಕೋಟಿಗೂ ಮಿಕ್ಕ ಪುಸ್ತಕಗಳು ಹೀಗೆ ಹಂಚಿಹೋದುವು. ಪೊಲೀಸಿನವನು ಕೇಳಿದ್ದರೆ ಜನ ಸುಳ್ಳು ಹೇಳುತ್ತಿದ್ದರೋ ಏನೋ; ಮಗಳ ಉಪಾಧ್ಯಾಯಿನಿ ಕೇಳಿದಾಗ ಸುಳ್ಳು ಹೇಳಲು ನಾಲಿಗೆ ಅಷ್ಟು ಸುಲಭವಾಗಿ ಹೊರಳದು. ಸರ್ಕಾರ ಶಾಲೆಯಿಂದ ಎರವಲು ಪಡೆದದ್ದು ಬರೆಯುವ ಕೈಗಳನ್ನಷ್ಟೇ ಎಂದು ನನಗೆ ತೋರುವುದಿಲ್ಲ. ಬಹುಕಾಲದಿಂದ ಕೂಡಿಬಂದಿದ್ದ ವಿಶ್ವಾಸವನ್ನೂ ಅದು ಎರವಲು ಪಡೆಯಿತು.

ಒಂದು ಕೆಲಸದ ಹಿಂದೆ ಇನ್ನೊಂದು ಬಂತು. ಹತ್ತು ಸೆಂಟು, ಇಪ್ಪತ್ತೈದು ಸೆಂಟುಗಳ ಯುದ್ಧ ಉಳಿತಾಯದ ಅಂಚೆಚೀಟಿಯಂಥ ಚೀಟಿಗಳನ್ನು ತರಗತಿಯಲ್ಲಿ ಮಾರಬೇಕು; ಅವು ಹದಿನೆಂಟು ಮುಕ್ಕಾಲು ಡಾಲರಿನಷ್ಟು ಕೂಡಿದಾಗ, ಹತ್ತು ವರ್ಷಕ್ಕೆ ಇಪ್ಪತ್ತೈದು ಡಾಲರಾಗುವ ಸಾಲಪತ್ರ ಹುಡುಗನ ಕೈಸೇರುತ್ತದೆ. ಹಳೆಯ ಕಬ್ಬಿಣ, ಕಾಗದ, ರಬ್ಬರುಗಳನ್ನು ಮಕ್ಕಳಿಂದ ಕೂಡಿಸಬೇಕು. 1942ರ ಆರಂಭದಲ್ಲಿ ನೌಕಾದಳ ಐದು ಲಕ್ಷ ಮಾದರಿ ವಿಮಾನಗಳು ಬೇಕೆಂದು ಶಾಲೆಗಳನ್ನು ಕೇಳಿತು. ನಿಜವಾದ ವಿಮಾನದ ಎಪ್ಪತ್ತೆರಡನೆಯ ಒಂದು ಪಾಲಿನ ಅಳತೆಯಲ್ಲಿ, ಮರದಲ್ಲಿ ಕೆತ್ತಿದ ಮಾದರಿಗಳು ಅವು. ಆಕಾಶದಲ್ಲಿ ಹಾರುವುದು ತಮ್ಮವರದೋ ಶತ್ರುವಿನದೋ ಎಂದು ಗುರುತಿಸುವ ಅಭ್ಯಾಸಕ್ಕೆ ಸೈನಿಕರಿಗೆ ಬೇಕಾಗಿದ್ದುವು. ಮರಗೆಲಸದ ಉಪಾಧ್ಯಾಯರು ಹೂದಾನಿಯ ಪೀಠ, ಪುಸ್ತಕದ ಕಪಾಟುಗಳನ್ನು ಬದಿಗಿಟ್ಟು ಇದಕ್ಕೆ ಕುಳಿತರು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ 'ಹೈಸ್ಕೂಲು ವಿಜಯ ದಳ' ಎಂಬ ಸಂಘಟನೆಯನ್ನು ಸರ್ಕಾರ ಸಾರಿತು. ವಾಯು, ಭೂಮಿ, ಸಮುದ್ರ, ಉತ್ಪಾದನೆ, ಸಮಾಜಸೇವೆ ಎಂದು ಐದು ವಿಭಾಗಗಳು. ಪ್ರತಿಯೊಂದಕ್ಕೂ ಬೇರೆ ಬೇರೆ ಪಾಠಕ್ರಮ, ಅಂಗಸಾಧನೆ. ಬೀಜಗಣಿತ ಕಲಿಸುತ್ತಿದ್ದವರು ದಿಕ್ಕು ಕಂಡುಹಿಡಿದು ವಿಮಾನ ನಡೆಸುವ ಲೆಕ್ಕ ಕಲಿಸಬೇಕಾಯಿತು. ಭೌತಶಾಸ್ತ್ರದವರು ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆಂದು ವಿವರಿಸಬೇಕಾಯಿತು. ಇದಕ್ಕಾಗಿಯೇ ಪಠ್ಯಪುಸ್ತಕಗಳ ಒಂದು ಮಾಲೆ 1942ರಲ್ಲಿ ಹೊರಬಂತು. ನವೆಂಬರಿನಲ್ಲಿ ಕಡ್ಡಾಯ ಸೈನ್ಯಸೇವೆಯ ವಯಸ್ಸು ಇಪ್ಪತ್ತರಿಂದ ಹದಿನೆಂಟಕ್ಕೆ ಇಳಿಯಿತು. ಕೊನೆಯ ಬೆಂಚಿನಲ್ಲಿ ಕುಳಿತ ಹುಡುಗ ಮುಂದಿನ ಬೇಸಗೆಯ ಹೊತ್ತಿಗೆ ಯಾವ ಸಮುದ್ರದ ಮೇಲಿರುವನೋ ಎಂದು ತಿಳಿಯದೆ ಪಾಠ ಹೇಳುವ ಸ್ಥಿತಿ ಉಪಾಧ್ಯಾಯರಿಗೆ ಬಂತು.

ಕೆಲಸ ಹೆಚ್ಚಿತು, ಮಾಡುವವರು ಕಡಮೆಯಾದರು. ಕೆಲವರು ಸೈನ್ಯಕ್ಕೆ ಹೋದರು. ಮತ್ತೆ ಕೆಲವರು ಹೆಚ್ಚಿನ ಸಂಬಳಕ್ಕಾಗಿ ಕಾರ್ಖಾನೆಗಳಿಗೆ ಹೋದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಬೆಂಜಮಿನ್ ಫೈನ್ 1947ರಲ್ಲಿ ಹಾಕಿದ ಲೆಕ್ಕದಂತೆ, 1940ರಿಂದಾಚೆಗೆ ಮೂರೂವರೆ ಲಕ್ಷ ಮಂದಿ ಉಪಾಧ್ಯಾಯ ವೃತ್ತಿಯನ್ನು ಬಿಟ್ಟಿದ್ದರು. ಉಳಿದ ಸ್ಥಾನಗಳಿಗೆ ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟು ಜನರನ್ನು ತುಂಬಿದರು. ಇದರಿಂದ ಒಂದು ಒಳಿತೂ ಆಯಿತು. 1942ರಲ್ಲಿ ಅಮೆರಿಕದ ಶಾಲಾ ಮಂಡಲಿಗಳಲ್ಲಿ ನೂರಕ್ಕೆ ಎಂಬತ್ತೇಳು, ಮದುವೆಯಾದ ಹೆಂಗಸನ್ನು ಉಪಾಧ್ಯಾಯಿನಿಯಾಗಿ ನೇಮಿಸಿಕೊಳ್ಳುವುದಿಲ್ಲವೆಂಬ ನಿಯಮ ಇಟ್ಟುಕೊಂಡಿದ್ದುವು. ಅಭಾವ ಬಂದಾಗ ನಿಯಮ ಸಡಿಲವಾಯಿತು; 1951ರ ಹೊತ್ತಿಗೆ ಅಂಥ ಮಂಡಲಿಗಳು ನೂರಕ್ಕೆ ಹದಿನೆಂಟಕ್ಕೆ ಇಳಿದಿದ್ದುವು. ಹೆಂಗಸರು ವಾದಿಸಿ ಪಡೆಯಲಾರದೆ ಹೋದುದನ್ನು ಯುದ್ಧದ ಅವಸರ ಕೊಡಿಸಿತು.

ಇಷ್ಟು ಸಾಮಾನ್ಯ ಹೈಸ್ಕೂಲುಗಳ ಕಥೆ. ಇಲ್ಲಿಯ ತನಕ ಕೇಳಿದವರಿಗೆ ಇದು ಒಂದು ಉತ್ಸಾಹದ ಕಥೆಯಂತೆಯೇ ತೋರಬಹುದು. ಆದರೆ 1942ರ ಏಪ್ರಿಲಿನ ಆ ಕೊನೆಯ ವಾರದಲ್ಲಿ, ಅಂಗಡಿಯವರು ಸಕ್ಕರೆಗಾಗಿ ಹೈಸ್ಕೂಲಿನಲ್ಲಿ ಹೆಸರು ಬರೆಸುತ್ತಿದ್ದ ದಿನಗಳಲ್ಲಿಯೇ, ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಿನ ಊರುಗಳಲ್ಲಿ ಇನ್ನೊಂದು ಬಗೆಯ ನೋಂದಣಿ ನಡೆಯುತ್ತಿತ್ತು. ಫೆಬ್ರವರಿ 19ರಂದು ಅಧ್ಯಕ್ಷ ರೂಸ್ವೆಲ್ಟರು 9066ನೆಯ ಆಜ್ಞೆಗೆ ಸಹಿ ಹಾಕಿದ್ದರು. ಪಶ್ಚಿಮ ತೀರದ ಜಪಾನಿ ಮೂಲದವರೆಲ್ಲರೂ, ಒಟ್ಟು ಒಂದು ಲಕ್ಷ ಇಪ್ಪತ್ತು ಸಾವಿರದಷ್ಟು ಜನ, ಮನೆಮಾರು ಬಿಟ್ಟು ಸರ್ಕಾರ ತೋರಿಸಿದ ಶಿಬಿರಗಳಿಗೆ ಹೋಗಬೇಕಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲಿಯೇ ಹುಟ್ಟಿದ ಪ್ರಜೆಗಳು. ಯಾರ ಮೇಲೂ ವಿಚಾರಣೆಯಿಲ್ಲ, ಆರೋಪಪಟ್ಟಿಯಿಲ್ಲ. ಪ್ರತಿಯೊಂದು ಕುಟುಂಬಕ್ಕೂ ಒಂದು ಸಂಖ್ಯೆ ಕೊಟ್ಟರು. ಮೀನೇ ಓಕುಬೊ ಎಂಬ ಚಿತ್ರಗಾರ್ತಿ ಮುಂದೆ 1946ರಲ್ಲಿ ತನ್ನ ಶಿಬಿರವಾಸದ ಚಿತ್ರಗಳನ್ನು ಪುಸ್ತಕವಾಗಿ ತಂದಾಗ, ತನಗೆ ಬಂದ 13660 ಎಂಬ ಆ ಸಂಖ್ಯೆಯನ್ನೇ ಅದರ ಹೆಸರಿನಲ್ಲಿ ಇಟ್ಟರು.

ಕೊಲ್ಲಿಯ ಸುತ್ತಿನವರನ್ನು ಮೊದಲು ಸೇರಿಸಿದ್ದು ಟ್ಯಾನ್‌ಫೊರಾನ್ ಎಂಬ ಕುದುರೆ ಪಂದ್ಯದ ಬಯಲಿಗೆ. ಅನೇಕ ಸಂಸಾರಗಳಿಗೆ ಕುದುರೆ ಲಾಯಗಳೇ ಮನೆಯಾದುವು. ಅಲ್ಲಿ ಶಾಲೆ ತೆರೆದವರು ಸರ್ಕಾರದವರಲ್ಲ; ಸೆರೆಯಾಗಿದ್ದವರೇ, ಕಾಲೇಜು ಓದಿದ್ದ ತರುಣ ತರುಣಿಯರು. ಪ್ರೇಕ್ಷಕರ ಅಟ್ಟಣೆಯ ಕೆಳಗೆ, ಜೂಜಿನ ಹಣ ಕಟ್ಟುವ ಕಿಟಕಿಗಳಿದ್ದ ಹಜಾರದಲ್ಲಿ ಹೈಸ್ಕೂಲು ನಡೆಯಿತು. ಯೋಶಿಕೋ ಉಚಿದಾ ಎಂಬ ತರುಣಿ ಆ ವರ್ಷ ಬರ್ಕ್ಲಿಯ ವಿಶ್ವವಿದ್ಯಾಲಯದ ಪದವೀಧರೆಯಾಗಬೇಕಾಗಿತ್ತು. ಅವರ ಪದವಿಪತ್ರ ರಟ್ಟಿನ ಕೊಳವೆಯೊಂದರಲ್ಲಿ ಸುತ್ತಿಕೊಂಡು ಅಂಚೆಯಲ್ಲಿ ಲಾಯದ ಬಾಗಿಲಿಗೆ ಬಂತು. ಅವರು ಅಲ್ಲಿಯೇ ಪುಟ್ಟ ಮಕ್ಕಳಿಗೆ ಪಾಠ ಹೇಳತೊಡಗಿದರು. ಮುಂದೆ ಮಕ್ಕಳ ಸಾಹಿತ್ಯದಲ್ಲಿ ದೊಡ್ಡ ಹೆಸರು ಪಡೆದ ಉಚಿದಾ, 1982ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನದಲ್ಲಿ ಈ ದಿನಗಳನ್ನು ರೋಷವಿಲ್ಲದ ಸ್ಪಷ್ಟತೆಯಿಂದ ಬರೆದಿದ್ದಾರೆ.

ಆ ಶರತ್ಕಾಲದಲ್ಲಿ ಅವರೆಲ್ಲರನ್ನೂ ಯೂಟಾ ರಾಜ್ಯದ ಮರುಭೂಮಿಯಲ್ಲಿ ಕಟ್ಟಿದ ಟೋಪಾಜ್ ಶಿಬಿರಕ್ಕೆ ಸಾಗಿಸಿದರು. ಪುಷ್ಯರಾಗವೆಂಬ ರತ್ನದ ಹೆಸರು ಅದಕ್ಕೆ. ಇದ್ದದ್ದು ಮಾತ್ರ ಬಿಳಿಯ ಧೂಳು, ಟಾರು ಕಾಗದ ಹೊದಿಸಿದ ಮರದ ಬ್ಯಾರಕ್ಕುಗಳು, ಸುತ್ತ ಮುಳ್ಳುತಂತಿ, ಮೂಲೆಗಳಲ್ಲಿ ಕಾವಲುಗೋಪುರ. ಎಂಟು ಸಾವಿರ ಜನ ಅಲ್ಲಿ ಸೇರಿದರು. ಅಕ್ಟೋಬರಿನಲ್ಲಿ ಶಾಲೆ ತೆರೆಯಿತು. ಒಳಮಾಡು ಹಾಕಿರಲಿಲ್ಲ, ಒಲೆ ಇನ್ನೂ ಬಂದಿರಲಿಲ್ಲ, ಒಲೆಯ ಹೊಗೆಗೊಳವೆಗೆಂದು ಮಾಡಿನಲ್ಲಿ ಬಿಟ್ಟ ಕಂಡಿಯಿಂದ ಧೂಳೂ ಚಳಿಯೂ ಇಳಿಯುತ್ತಿದ್ದುವು. ಒಳಗಿನ ಚಳಿ ತಡೆಯಲಾರದೆ ಮಕ್ಕಳನ್ನು ಹೊರಗೆ ಬಿಸಿಲಿಗೆ ಕರೆತಂದು ಪಾಠ ಮಾಡಿದ್ದುಂಟು. ನವೆಂಬರಿನಲ್ಲಿ ಚಳಿ ಮಿತಿಮೀರಿ ಶಾಲೆಯನ್ನು ಕೆಲಕಾಲ ಮುಚ್ಚಬೇಕಾಯಿತು. ಇಂಥ ಹತ್ತು ಶಿಬಿರಗಳಲ್ಲಿ ಸುಮಾರು ಮೂವತ್ತು ಸಾವಿರ ಮಕ್ಕಳು ಓದಿದರು. ಒಂದು ಶಿಬಿರದಲ್ಲಿ ಟೈಪುರೈಟರುಗಳೇ ಇಲ್ಲದೆ, ವಿದ್ಯಾರ್ಥಿಗಳು ಕಾಗದದ ಮೇಲೆ ವೃತ್ತಗಳನ್ನು ಬರೆದು, ಅವುಗಳಲ್ಲಿ ಅಕ್ಷರಗಳನ್ನು ತುಂಬಿ, ಅವುಗಳ ಮೇಲೆ ಬೆರಳೊತ್ತಿ ಟೈಪು ಕಲಿತರು. ಹೊರಗಿನ ಶಾಲೆಗಳಲ್ಲಿ ಸರಾಸರಿ ಇಪ್ಪತ್ತೆಂಟು ಮಕ್ಕಳಿಗೆ ಒಬ್ಬ ಉಪಾಧ್ಯಾಯರಿದ್ದರೆ, ಶಿಬಿರಗಳ ಹೈಸ್ಕೂಲುಗಳಲ್ಲಿ ಮೂವತ್ತೈದಕ್ಕೆ ಒಬ್ಬರು, ಪ್ರಾಥಮಿಕ ಶಾಲೆಗಳಲ್ಲಿ ನಲವತ್ತೆಂಟಕ್ಕೆ ಒಬ್ಬರು.

ಈ ಶಾಲೆಗಳಲ್ಲಿ ಎರಡು ಬಗೆಯ ಉಪಾಧ್ಯಾಯರಿದ್ದರು. ಹೊರಗಿನಿಂದ ಬಂದ ಬಿಳಿಯರು ಸರ್ಕಾರಿ ನೌಕರರು. ವರ್ಷಕ್ಕೆ ಸಾವಿರದ ಆರುನೂರು ಡಾಲರಿಗೂ ಮಿಕ್ಕ ಸಂಬಳ, ಬೇರೆ ವಸತಿ, ಬೇರೆ ಊಟದ ಮನೆ. ಶಿಬಿರದೊಳಗಿನಿಂದಲೇ ಆರಿಸಿಕೊಂಡ ಜಪಾನಿ ಮೂಲದವರು ಅದೇ ಶಾಲೆಯಲ್ಲಿ, ಅದೇ ಮಕ್ಕಳಿಗೆ ಪಾಠ ಹೇಳಿದರೂ ಅವರಿಗೆ ತಿಂಗಳಿಗೆ ಹತ್ತೊಂಬತ್ತು ಡಾಲರೇ ಗರಿಷ್ಠ ಮಿತಿ. ಉಚಿದಾ ವಾರಕ್ಕೆ ನಲವತ್ತನಾಲ್ಕು ಗಂಟೆ ದುಡಿದು ಪಡೆದದ್ದು ಅಷ್ಟನ್ನೇ. ಯುದ್ಧಕ್ಕೆ ಮುನ್ನ ಕ್ಯಾಲಿಫೋರ್ನಿಯಾದ ಶಾಲೆಗಳು ಜಪಾನಿ ಮೂಲದವರಿಗೆ ಉಪಾಧ್ಯಾಯರ ಕೆಲಸವನ್ನು ಕೊಟ್ಟದ್ದೇ ಇಲ್ಲವೆನ್ನುವಷ್ಟು ಕಡಮೆ. ಹೀಗಾಗಿ ಶಿಕ್ಷಕ ತರಬೇತಿ ಪಡೆದವರು ಆ ಸಮುದಾಯದಲ್ಲಿ ವಿರಳವಾಗಿದ್ದರು. ಬಿಡುಗಡೆಯ ದಿನಗಳಲ್ಲಿ ತಮಗೆ ಮುಚ್ಚಿದ್ದ ಬಾಗಿಲು ಸೆರೆಯಲ್ಲಿ ತೆರೆದದ್ದನ್ನು ಆ ತರುಣಿಯರು ಕಂಡರು.

ಕಟ್ಟಡ ಸಂಬಳಗಳ ಕೊರತೆಯನ್ನು ಹೇಗಾದರೂ ಸಹಿಸಬಹುದು. ಪಾಠ್ಯವಿಷಯದ ತೊಡಕು ಇದಕ್ಕಿಂತ ಕಠಿನವಾಗಿತ್ತು. 1942ರ ಬೇಸಗೆಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪಾಲ್ ಹ್ಯಾನಾ ಮತ್ತು ಅವರ ವಿದ್ಯಾರ್ಥಿಗಳು ಈ ಶಿಬಿರಗಳ ಶಾಲೆಗಳಿಗೆಂದು ಒಂದು ಪಾಠಕ್ರಮವನ್ನು ರಚಿಸಿಕೊಟ್ಟರು. ಶಿಬಿರದ ಜೀವನವನ್ನೇ ಪಾಠವಾಗಿಸಿ, ಅದನ್ನು ಪ್ರಜಾಪ್ರಭುತ್ವದ ಒಂದು ಪ್ರಯೋಗಶಾಲೆಯಂತೆ ಕಾಣಬೇಕೆಂಬುದು ಅದರ ಆಶಯ. ಒಳ್ಳೆಯ ಮನಸ್ಸಿನಿಂದಲೇ ಹುಟ್ಟಿದ ಯೋಜನೆ. ಆದರೆ ತಂದೆತಾಯಿಗಳಿಗೆ ಅದು ರುಚಿಸಲಿಲ್ಲ. ಶಿಬಿರವನ್ನು ಕುರಿತು ಕಲಿಯುವುದು ಅವರ ಮಕ್ಕಳಿಗೆ ಬೇಕಾಗಿರಲಿಲ್ಲ. ಶಿಬಿರದಿಂದ ಹೊರಗೆ ಒಯ್ಯುವ ವಿದ್ಯೆ ಬೇಕಾಗಿತ್ತು. ಬೀಜಗಣಿತ, ರಸಾಯನಶಾಸ್ತ್ರ, ಇಂಗ್ಲಿಷು, ಕಾಲೇಜು ಸೇರಲು ಬೇಕಾದ ಅಂಕಪಟ್ಟಿ ಇವನ್ನು ಕೊಡಿ ಎಂಬುದು ಅವರ ಬೇಡಿಕೆ. ಆ ತಂದೆತಾಯಿಗಳ ವಿವೇಕ ವಿದ್ವಾಂಸರ ಆದರ್ಶಕ್ಕಿಂತ ಗಟ್ಟಿಯಾದದ್ದೆಂದು ನಾನು ಭಾವಿಸುತ್ತೇನೆ.

ಟೋಪಾಜ್ ಹೈಸ್ಕೂಲಿಗೆ ಸಮಾಜಶಾಸ್ತ್ರದ ಪಾಠಗಳನ್ನು ಹೇಳಲು ಎಲಿನರ್ ಜೆರಾರ್ಡ್ ಎಂಬ ಬಿಳಿಯ ಉಪಾಧ್ಯಾಯಿನಿ ಬಂದರು. ಬಹುಕಾಲದ ಮೇಲೆ ಅವರು ಬರೆದ ನೆನಪುಗಳಲ್ಲಿ ಮೊದಲ ತರಗತಿಯ ಅನುಭವ ಬರುತ್ತದೆ. ಎದುರಿಗೆ ಅಂತಿಮ ವರ್ಷದ ಹುಡುಗ ಹುಡುಗಿಯರು, ಕಲಿಸಬೇಕಾದ ವಿಷಯ ಅಮೆರಿಕದ ಸರ್ಕಾರ ಪದ್ಧತಿ, ನಾಗರಿಕರ ಹಕ್ಕುಗಳು, ಕಿಟಕಿಯಾಚೆ ಮುಳ್ಳುತಂತಿ. ಇದನ್ನು ಇಲ್ಲಿ ಕುಳಿತು ಹೇಗೆ ಕಲಿಸಲಿ ಎಂದು ಅವರು ತಮ್ಮನ್ನು ತಾವೇ ಕೇಳಿಕೊಂಡರಂತೆ. ಮಕ್ಕಳು ಎದ್ದುನಿಂತು ರಾಷ್ಟ್ರಧ್ವಜಕ್ಕೆ ನಿಷ್ಠೆಯ ಪ್ರತಿಜ್ಞೆ ಹೇಳುವಾಗ, ಎಲ್ಲರಿಗೂ ಸ್ವಾತಂತ್ರ್ಯ, ಎಲ್ಲರಿಗೂ ನ್ಯಾಯ ಎಂಬ ಭಾಗ ಬಂದಾಗ ತಮ್ಮ ಗಂಟಲು ಕಟ್ಟುತ್ತಿತ್ತೆಂದೂ, ಅದು ಎಂದೂ ಅಭ್ಯಾಸವಾಗಿ ಹೋಗಲಿಲ್ಲವೆಂದೂ ಅವರು ಹೇಳಿದ್ದಾರೆ.

ಈ ಪ್ರತಿಜ್ಞೆಯ ವಿಷಯದಲ್ಲಿ ಆಗ ಅಮೆರಿಕದಲ್ಲೆಲ್ಲ ಒಂದು ವಿವಾದ ನಡೆದಿತ್ತು. ಧರ್ಮಶ್ರದ್ಧೆಯ ಕಾರಣದಿಂದ ಧ್ವಜವಂದನೆ ಮಾಡದ ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಬಹುದೆಂದು ಸರ್ವೋಚ್ಚ ನ್ಯಾಯಾಲಯ 1940ರಲ್ಲಿ ಹೇಳಿತ್ತು. ಮೂರೇ ವರ್ಷಗಳಲ್ಲಿ, 1943ರ ಜೂನ್ 14ರಂದು, ಅದೇ ನ್ಯಾಯಾಲಯ ಆ ತೀರ್ಪನ್ನು ತಾನೇ ತಳ್ಳಿಹಾಕಿತು. ನಿಷ್ಠೆಯ ಮಾತನ್ನು ಬಲಾತ್ಕಾರದಿಂದ ಆಡಿಸುವ ಅಧಿಕಾರ ಯಾವ ಶಾಲೆಗೂ ಇಲ್ಲವೆಂದು ಸಾರಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ರಾಬರ್ಟ್ ಜ್ಯಾಕ್ಸನ್. 1944ರ ಡಿಸೆಂಬರಿನಲ್ಲಿ ಕೊರೆಮಾತ್ಸು ಮೊಕದ್ದಮೆಯಲ್ಲಿ ಜಪಾನಿ ಮೂಲದವರ ಉಚ್ಚಾಟನೆಯನ್ನು ಬಹುಮತ ಎತ್ತಿಹಿಡಿದಾಗ, ಅದಕ್ಕೆ ಒಪ್ಪದೆ ಭಿನ್ನಮತ ಬರೆದ ಮೂವರಲ್ಲಿ ಇವರೂ ಒಬ್ಬರು. ಯುದ್ಧದ ನಡುವೆಯೂ ಹಕ್ಕಿನ ಮಾತನ್ನು ಆಡಬಹುದಾಗಿತ್ತೆಂಬುದಕ್ಕೆ ಇದು ಸಾಕ್ಷಿ.

ನಿಷ್ಠೆಯ ಮಾತು ಶಿಬಿರದ ಶಾಲೆಗೆ ಬೇರೊಂದು ರೂಪದಲ್ಲಿ ಬಂತು. 1943ರ ಫೆಬ್ರವರಿಯಲ್ಲಿ ಹದಿನೇಳು ವಯಸ್ಸು ಮೀರಿದ ಪ್ರತಿಯೊಬ್ಬರೂ ಒಂದು ನಮೂನೆಯನ್ನು ತುಂಬಬೇಕೆಂದು ಅಪ್ಪಣೆಯಾಯಿತು. ಅದರ ಇಪ್ಪತ್ತೇಳನೆಯ ಪ್ರಶ್ನೆ: ಸೈನ್ಯಕ್ಕೆ ಸೇರಲು ಒಪ್ಪುವಿರಾ? ಇಪ್ಪತ್ತೆಂಟನೆಯದು: ಅಮೆರಿಕಕ್ಕೆ ನಿಷ್ಠೆಯ ಪ್ರಮಾಣ ಮಾಡಿ ಜಪಾನಿನ ಚಕ್ರವರ್ತಿಯ ಮೇಲಿನ ನಿಷ್ಠೆಯನ್ನು ತೊರೆಯುವಿರಾ? ಜಪಾನಿನಲ್ಲಿ ಹುಟ್ಟಿ ಬಂದ ಹಿರಿಯರಿಗೆ ಅಮೆರಿಕದ ಪೌರತ್ವ ಪಡೆಯಲು ಕಾನೂನು ಆಗ ಬಿಡುತ್ತಿರಲಿಲ್ಲ. 'ಹೌದು' ಎಂದರೆ ಯಾವ ದೇಶಕ್ಕೂ ಸೇರದವರಾಗುತ್ತಾರೆ. ಅವರಿಗೆ ಕೇಳುವ ಪ್ರಶ್ನೆಯ ಮಾತನ್ನು ಆಮೇಲೆ ಬದಲಿಸಬೇಕಾಯಿತು. ಅಮೆರಿಕದಲ್ಲೇ ಹುಟ್ಟಿದ ಮಕ್ಕಳ ಗೊಂದಲ ಬೇರೆ: ಎಂದೂ ಇಲ್ಲದ ನಿಷ್ಠೆಯನ್ನು ತೊರೆಯುತ್ತೇನೆಂದರೆ ಅದು ಹಿಂದೆ ಇತ್ತೆಂದು ಒಪ್ಪಿಕೊಂಡಂತಾಗದೆ? ತಂದೆ ಒಂದು ಹೇಳಿ ಮಗ ಇನ್ನೊಂದು ಹೇಳಿದರೆ ಸಂಸಾರ ಎರಡಾಗುತ್ತದೆ. 'ಇಲ್ಲ' ಎಂದವರನ್ನು ಮುಂದೆ ಟ್ಯೂಲ್ ಲೇಕ್ ಎಂಬ ಶಿಬಿರಕ್ಕೆ ಬೇರ್ಪಡಿಸಿ ಕಳುಹಿಸಿದರು.

ಈ ನಮೂನೆಗಳನ್ನು ತುಂಬಿಸಿಕೊಳ್ಳಲು ಕುಳಿತವರು ಯಾರು? ಹಲವು ಶಿಬಿರಗಳಲ್ಲಿ, ಉಪಾಧ್ಯಾಯರು. ಹಿಂದಿನ ವಸಂತದಲ್ಲಿ ದೇಶವೆಲ್ಲ ಸಕ್ಕರೆ ಪುಸ್ತಕದ ಮುಂದೆ ಕುಳಿತಿದ್ದಂತೆಯೇ ಇಲ್ಲಿಯೂ ಅವರು ಮೇಜಿನ ಹಿಂದೆ ಕುಳಿತರು. ಅಲ್ಲಿ ಕಣ್ಣಿನ ಬಣ್ಣ ಕೇಳಿದ್ದರು. ಇಲ್ಲಿ ಮನಸ್ಸಿನ ಬಣ್ಣ ಕೇಳಬೇಕಾಯಿತು. ಹಿಂದಿನ ವಾರ ಸಂವಿಧಾನ ಕಲಿಸಿದವರು ಈ ವಾರ ಅದೇ ಹುಡುಗನಿಗೆ ಇಪ್ಪತ್ತೆಂಟನೆಯ ಪ್ರಶ್ನೆ ಓದಿ ಹೇಳಿದರು. ಈ ಪ್ರಸಂಗವನ್ನು ಓದಿದಾಗಲೆಲ್ಲ ಇಡೀ ಕಥೆಯ ಗಂಟು ಇದೇ ಎಂದು ನನಗೆ ಅನ್ನಿಸಿದೆ. ಗುರುವಿನ ಮೇಲೆ ಜನ ಇಟ್ಟ ವಿಶ್ವಾಸ ಆತನ ಸ್ವಂತ ಸೊತ್ತಲ್ಲ. ತಲೆತಲಾಂತರದಿಂದ ಬಂದ ಇಡುಗಂಟು. ಅದನ್ನು ರಾಜ್ಯ ಕೇಳಿದಾಗ ಸಕ್ಕರೆಗೆ ಕೊಟ್ಟರೆ ಊರಿಗೆ ಉಪಕಾರವಾದೀತು. ಆದರೆ ಒಮ್ಮೆ ಕೊಡುವ ಅಭ್ಯಾಸವಾದ ಮೇಲೆ, ಎಲ್ಲಿ ಕೊಡಬಾರದು ಎಂಬುದನ್ನು ಕಂಡುಕೊಳ್ಳುವುದು ಕಷ್ಟ.

ಹಾಗೆಂದು ಆ ಉಪಾಧ್ಯಾಯರನ್ನು ಇಷ್ಟಕ್ಕೇ ತೂಗಿ ಇಳಿಸಿಬಿಡುವುದು ನ್ಯಾಯವಲ್ಲ. ಅವರು ಮಾಡಿದ ಇನ್ನೊಂದು ಕೆಲಸವಿದೆ; ಅದಕ್ಕೆ ಯಾವ ವಿಜಯ ದಳದ ಪದಕವೂ ಇರಲಿಲ್ಲ. 1942ರ ಮೇ ತಿಂಗಳಲ್ಲಿ, ಕ್ವೇಕರ್ ಪಂಥದವರ ಮುಂದಾಳುತನದಲ್ಲಿ, ಈ ವಿದ್ಯಾರ್ಥಿಗಳನ್ನು ಒಳನಾಡಿನ ಕಾಲೇಜುಗಳಿಗೆ ಸೇರಿಸಲೆಂದು ಒಂದು ರಾಷ್ಟ್ರೀಯ ಮಂಡಲಿ ಹುಟ್ಟಿತ್ತು. ಅದರ ನೆರವಿನಿಂದ ಯುದ್ಧ ಮುಗಿಯುವುದರೊಳಗೆ ಸುಮಾರು ನಾಲ್ಕು ಸಾವಿರ ಮಂದಿ ಕಾಲೇಜು ಸೇರಿದರು. ಇದಕ್ಕೆ ಅಂಕಪಟ್ಟಿಗಳು ಬೇಕು, ಶಿಫಾರಸಿನ ಪತ್ರಗಳು ಬೇಕು. ಈ ಹುಡುಗಿ ಚೆನ್ನಾಗಿ ಓದುತ್ತಾಳೆ, ಇವಳನ್ನು ನಾನು ಬಲ್ಲೆ ಎಂದು ಬರೆದುಕೊಡುವವರು ಬೇಕು. ಸೇನೆ ಸಂಖ್ಯೆಯಾಗಿ ಕಂಡವರನ್ನು ಈ ಪತ್ರಗಳು ಮತ್ತೆ ಹೆಸರಾಗಿ ಕಂಡುವು. ಉಚಿದಾ ಅವರೂ 1943ರ ಮೇ ತಿಂಗಳಲ್ಲಿ ಹೀಗೆ ಹೊರಟು ಮ್ಯಾಸಚೂಸೆಟ್ಸಿನ ಸ್ಮಿತ್ ಕಾಲೇಜಿನಲ್ಲಿ ಶಿಕ್ಷಣಶಾಸ್ತ್ರ ಓದಿದರು. ಬೇರೆ ಶಾಲೆಗಳ ಉಪಾಧ್ಯಾಯರು ತರಗತಿ ತುಂಬಿದಾಗ ಸಂತೋಷಪಟ್ಟರೆ, ಟೋಪಾಜಿನವರು ತಮ್ಮ ಬೆಂಚುಗಳು ಒಂದೊಂದಾಗಿ ಬರಿದಾದಾಗ ಸಂತೋಷಪಡಬೇಕಾಯಿತು.

1945ರ ಅಕ್ಟೋಬರ್ 31ರಂದು ಟೋಪಾಜ್ ಮುಚ್ಚಿತು. ವಿಜಯ ದಳ ಅದಕ್ಕೂ ಮೊದಲೇ, 1944ರಲ್ಲಿ, ವಿಸರ್ಜನೆಯಾಗಿತ್ತು. 1988ರ ಆಗಸ್ಟ್ 10ರಂದು ಅಮೆರಿಕದ ಸರ್ಕಾರ ಕಾನೂನಿನ ಮೂಲಕ ಕ್ಷಮೆ ಬೇಡಿ, ಬದುಕಿ ಉಳಿದಿದ್ದ ಪ್ರತಿಯೊಬ್ಬರಿಗೂ ಇಪ್ಪತ್ತು ಸಾವಿರ ಡಾಲರು ಕೊಡಲು ಒಪ್ಪಿತು. ಅಷ್ಟು ಹೊತ್ತಿಗೆ ಆ ಹೈಸ್ಕೂಲಿನ ಮಕ್ಕಳಿಗೆ ಅರವತ್ತು ಸಮೀಪಿಸಿತ್ತು.

ಆ ನಲವತ್ತು ವರ್ಷಗಳಲ್ಲಿ ಕ್ಷಮೆಗಾಗಿ ಹೋರಾಡಿದವರಲ್ಲಿ, ಶಿಬಿರದ ಬ್ಯಾರಕ್ಕಿನ ಬೆಂಚುಗಳ ಮೇಲೆ ಕುಳಿತು ಸಂವಿಧಾನವನ್ನು ಓದಿದ ಪೀಳಿಗೆಯವರು ಬಹಳ ಮಂದಿ ಇದ್ದರು. ಅವರು ಬೇಡಿದ್ದು ಹೊಸದೊಂದನ್ನಲ್ಲ, ಪಾಠದಲ್ಲಿ ಹೇಳಿಕೊಟ್ಟದ್ದನ್ನೇ. ತಂತಿಬೇಲಿಯೊಳಗೆ ಪೌರನೀತಿ ಕಲಿಸುವುದು ಅಣಕವೆಂದು ಆ ಪಾಠವನ್ನು ಕೈಬಿಟ್ಟಿದ್ದ ಪಕ್ಷದಲ್ಲಿ ಬೇಲಿಯೊಂದೇ ಅವರಿಗೆ ಪಾಠವಾಗಿ ಉಳಿಯುತ್ತಿತ್ತು. ಗಂಟಲು ಕಟ್ಟಿದರೂ ಪಾಠವನ್ನು ನಿಲ್ಲಿಸದ ಉಪಾಧ್ಯಾಯಿನಿಯನ್ನು ನಾನು ನೆನೆಯುವುದು ಈ ಕಾರಣದಿಂದ. ಆಕೆ ಸರ್ಕಾರದ ಸಂಬಳ ಪಡೆಯುತ್ತಿದ್ದರು, ಸರ್ಕಾರದ ಕಟ್ಟಡದಲ್ಲಿ ನಿಂತಿದ್ದರು. ಹೇಳಿದ ಮಾತು ಮಾತ್ರ ಆ ಸರ್ಕಾರಕ್ಕಿಂತ ದೊಡ್ಡದಾಗಿತ್ತು.